ಮೆಸ್ತಾಯಾದ ಬಾವಲಿ

ಸ್ಪೇನಿನ ವೆಲೆನ್ಸಿಯಾಕ್ಕೆ ಜನ ಕಡಲತೀರ ನೋಡಲು ಹೋಗುತ್ತಾರೆ. ನಾನು ಹೋಗಿದ್ದು ಒಂದು ಬಾವಲಿಗಾಗಿ. ಮನೆಯೊಳಗೆ ಬಾವಲಿ ನುಗ್ಗಿದರೆ ಅಪಶಕುನ ಅಂತ ಕೇಳಿಕೊಂಡೇ ಬೆಳೆದವನು ನಾನು. ಇಲ್ಲಿ ನೋಡಿದರೆ ವೆಲೆನ್ಸಿಯಾ ಸಿಎಫ್ ಅನ್ನುವ ಫುಟ್‌ಬಾಲ್ ಕ್ಲಬ್ಬು ಅದನ್ನೇ ಲಾಂಛನದ ನೆತ್ತಿಯ ಮೇಲೆ ಕೂರಿಸಿಕೊಂಡಿದೆ!

ಮ್ಯಾಚ್ ದಿನ ಈ ಕ್ಲಬ್ಬಿನ ಮೆಸ್ತಾಯಾ ಸ್ಟೇಡಿಯಂ ಹೊರಗೆ ಸ್ಕಾರ್ಫ್ ಮಾರುವವರ ಸಾಲು. ಒಂದನ್ನು ಕೈಗೆತ್ತಿಕೊಂಡು ನೋಡಿದೆ. ಕಪ್ಪು ದಾರದಲ್ಲಿ ಹೆಣೆದ, ರೆಕ್ಕೆ ಬಿಚ್ಚಿದ ಬಾವಲಿ. ಅದರ ಕೆಳಗೆ ಹಳದಿ ಮೇಲೆ ಕೆಂಪು ಪಟ್ಟಿಗಳು. ಈ ಪಟ್ಟಿಗಳು ಹಿಂದೆ ಈ ಊರನ್ನು ಆಳಿದ ಅರಗಾನ್ ರಾಜಮನೆತನದವು. ಕ್ಲಬ್ಬು ಹುಟ್ಟಿದ್ದು 1919ರಲ್ಲಿ. ಅದು ತನ್ನದಾಗಿ ಸೇರಿಸಿದ್ದು ಚೆಂಡು ಮತ್ತು ಹೆಸರು, ಅಷ್ಟೇ. ಉಳಿದದ್ದೆಲ್ಲ ಊರಿನ ಆಸ್ತಿ.

ಸ್ಟೇಡಿಯಂ 1923ರದ್ದು. ಮೆಟ್ಟಿಲು ಎಷ್ಟು ಕಡಿದಾಗಿವೆ ಅಂದರೆ, ಮೇಲಿನ ಸಾಲಿನಿಂದ ಬಗ್ಗಿದರೆ ಮೈದಾನಕ್ಕೇ ಬೀಳುತ್ತೇವೇನೋ ಅನಿಸುತ್ತದೆ. ಪಕ್ಕದ ಸೀಟಿನ ಹಿರಿಯರೊಬ್ಬರು ಸೂರ್ಯಕಾಂತಿ ಬೀಜ ಕಚ್ಚಿ ಸಿಪ್ಪೆ ಉಗುಳುತ್ತಾ ಬಾವಲಿಯ ಕಥೆ ಹೇಳಿದರು. 1238ರಲ್ಲಿ ಅರಗಾನಿನ ಮೊದಲನೇ ಜೌಮೆ ದೊರೆ ಈ ಊರಿಗೆ ಮುತ್ತಿಗೆ ಹಾಕಿದ್ದನಂತೆ. ಅವನ ಡೇರೆಯಲ್ಲಿ ಬಾವಲಿಯೊಂದು ಗೂಡು ಕಟ್ಟಿತು. ಅದನ್ನು ಯಾರೂ ಮುಟ್ಟಬಾರದು ಅಂದ ದೊರೆ. ಒಂದು ರಾತ್ರಿ ಶತ್ರುಗಳು ಸದ್ದಿಲ್ಲದೆ ಮೇಲೆ ಬಿದ್ದಾಗ ಅದೇ ಬಾವಲಿ ನಗಾರಿಗೆ ಬಡಿದು ಸೈನ್ಯವನ್ನು ಎಬ್ಬಿಸಿತು.

ಚಂದದ ಕಥೆ ಅಲ್ವಾ? ಇತಿಹಾಸ ಬಲ್ಲವರ ಲೆಕ್ಕ ಬೇರೆ. ಜೌಮೆಯ ನಂತರ, 14ನೇ ಶತಮಾನದಲ್ಲಿ ಆಳಿದ ನಾಲ್ಕನೇ ಪೆದ್ರೊ ತನ್ನ ಶಿರಸ್ತ್ರಾಣದ ಮೇಲೆ ರೆಕ್ಕೆಯ ಡ್ರ್ಯಾಗನ್ ಇಟ್ಟುಕೊಂಡಿದ್ದ. ಆ ಡ್ರ್ಯಾಗನ್ನೇ ಕಾಲಕಳೆದಂತೆ ಬಾವಲಿಯಾಯಿತು ಅನ್ನುವುದು ಅವರ ವಾದ. ನನಗೂ ಅದೇ ಸರಿ ಅನಿಸುತ್ತದೆ. ರಾಜನ ಡ್ರ್ಯಾಗನ್ ಹೋಗಿ ಜನರ ಬಾವಲಿ ಬಂತಲ್ಲ, ಅದು ಇನ್ನೂ ದೊಡ್ಡ ವಿಷಯ.

ಮರುದಿನ ನಗರಸಭೆಯ ಕಟ್ಟಡದ ಮುಂದೆ ನಿಂತು ಊರಿನ ಲಾಂಛನ ನೋಡಿದೆ. ವಜ್ರದಾಕಾರದ ಗುರಾಣಿ, ಕಿರೀಟ, ಬಾವಲಿ, ಆಚೆ ಈಚೆ ಒಂದೊಂದು 'ಎಲ್' ಅಕ್ಷರ. ನೆರೆಯ ಕ್ಯಾಸ್ಟೀಲ್ ರಾಜ್ಯದ ದೊರೆ 1363 ಮತ್ತು 1364ರಲ್ಲಿ ಮುತ್ತಿಗೆ ಹಾಕಿದಾಗ ಊರು ಎರಡು ಸಲವೂ ಬಗ್ಗಲಿಲ್ಲ. 'ಎಲ್' ಅಂದರೆ 'ಲೆಯಾಲ್', ನಿಷ್ಠ ಅಂತ ಅರ್ಥ. ಎರಡು ಸಲದ ನಿಷ್ಠೆಗೆ ಎರಡು 'ಎಲ್'. ಕ್ಲಬ್ಬಿನ ಲಾಂಛನದಲ್ಲಿ ಇವಿಲ್ಲ. ಇರಬೇಕಿತ್ತು ಅನಿಸಿತು.

ಊರಿನ ಬಾವುಟದ ಕೋಲಿನ ತುದಿಯಲ್ಲೂ ಬಾವಲಿಯೇ. ಜೌಮೆ ಊರು ಗೆದ್ದ ನೆನಪಿನ ಅಕ್ಟೋಬರ್ 9ರ ಹಬ್ಬಕ್ಕೆ ಆ ಬಾವುಟವನ್ನು ಬಾಗಿಲಿನಿಂದ ಹೊರಗೆ ತರುವುದಿಲ್ಲ. ಬಾಗಿಲಲ್ಲಿ ಬಗ್ಗಿಸಬೇಕಾಗುತ್ತದಲ್ಲ! ಅದು ಯಾರ ಮುಂದೆಯೂ ಬಗ್ಗಬಾರದು. ಹಾಗಾಗಿ ಬಾಲ್ಕನಿಯಿಂದ ನೆಟ್ಟಗೆ ಕೆಳಗಿಳಿಸುತ್ತಾರೆ.

ಊರಿನ ಇನ್ನೊಂದು ಕ್ಲಬ್ಬು ಲೆವಾಂತೆ. 1909ರದ್ದು, ವಯಸ್ಸಿನಲ್ಲಿ ಹಿರಿಯ. ಅವರ ಮೈದಾನಕ್ಕೂ ಹೋಗಿಬಂದೆ. ಅಂಗಿಯ ಬಣ್ಣ ನೀಲಿ-ಕಡುಗೆಂಪು, ಅಭಿಮಾನಿಗಳೂ ಬೇರೆ. ಲಾಂಛನದ ಮೇಲಿರುವುದು ಮಾತ್ರ ಇದೇ ಬಾವಲಿ. ಡರ್ಬಿ ದಿನ, ಅಂದರೆ ಊರಿನ ಈ ಎರಡು ಕ್ಲಬ್ಬುಗಳು ಆಡುವ ದಿನ, ಎರಡೂ ಕಡೆಯವರು ಇದೇ ಬಾವಲಿಯನ್ನು ಎದೆ ಮೇಲಿಟ್ಟುಕೊಂಡು ಒಬ್ಬರಿಗೊಬ್ಬರು ಎದುರು ನಿಲ್ಲುತ್ತಾರೆ.