ಅಜ್ಜಿಗೂ ಹುಡುಗನಿಗೂ ಒಂದೇ ನಿಯಮ

2023ರ ಮೇ 10ರಂದು ನಡೆದ ವಿಧಾನಸಭಾ ಚುನಾವಣೆಯಲ್ಲಿ ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಮತಗಟ್ಟೆಗೆ ನಾನು ಅಧ್ಯಕ್ಷಾಧಿಕಾರಿಯಾಗಿದ್ದೆ. ಪ್ರೌಢಶಾಲೆಯ ಮೇಷ್ಟರೊಬ್ಬರಿಗೆ ಆ ದಿನದ ಮಟ್ಟಿಗೆ ಸಿಗುವ ಅಧಿಕಾರ ಸಣ್ಣದಲ್ಲ. ಆದರೆ ಅದನ್ನು ಚಲಾಯಿಸಲು ನನ್ನ ಬಳಿ ಇದ್ದದ್ದು ಚುನಾವಣಾ ಆಯೋಗದ ಕೈಪಿಡಿ, ಮೂವರು ಸಿಬ್ಬಂದಿ ಮತ್ತು ಬಾಗಿಲಲ್ಲಿ ಲಾಠಿ ಹಿಡಿದು ನಿಂತ ಒಬ್ಬ ಗೃಹರಕ್ಷಕ ಮಾತ್ರ. ಪಂಚಾಯಿತಿ ನೀರಿನಿಂದ ಹಿಡಿದು ದೇವರ ಉತ್ಸವದವರೆಗೆ ಎಲ್ಲದಕ್ಕೂ ಜಿದ್ದು ಸಾಧಿಸುವ ಎರಡು ಬಣಗಳ ಊರು ಮನಸ್ಸು ಮಾಡಿದ್ದರೆ, ನಮ್ಮನ್ನು ಆ ಮತಗಟ್ಟೆಯಿಂದ ಹೊರಗೆ ಹಾಕುವುದು ಕಷ್ಟವೇನೂ ಇರಲಿಲ್ಲ.

ಮತದಾನ ಬೆಳಿಗ್ಗೆ 7ಕ್ಕೆ. ಅಣಕು ಮತದಾನ ಅದಕ್ಕೆ ಒಂದೂವರೆ ಗಂಟೆ ಮೊದಲು. ಎಲ್ಲ ಅಭ್ಯರ್ಥಿಗಳಿಗೂ ನೋಟಾಗೂ ಸೇರಿ ಕನಿಷ್ಠ 50 ಮತಗಳನ್ನು ಅಭ್ಯರ್ಥಿಗಳ ಏಜೆಂಟರ ಎದುರಿಗೇ ಒತ್ತಿಸಿ, ಮತಗಳ ಲೆಕ್ಕವಿಡುವ ಕಂಟ್ರೋಲ್ ಯೂನಿಟ್‌ನ ಲೆಕ್ಕವನ್ನು ಒತ್ತಿದ ಮತವನ್ನು ಮುದ್ರಿಸಿ ತೋರಿಸುವ ವಿವಿಪ್ಯಾಟ್ ಯಂತ್ರದ ಚೀಟಿಗಳೊಂದಿಗೆ ತಾಳೆ ನೋಡಿ, ಯಂತ್ರವನ್ನು ಸೊನ್ನೆಗೆ ತಂದು, ಆ ಚೀಟಿಗಳನ್ನು ಕಪ್ಪು ಲಕೋಟೆಗೆ ಹಾಕಿ ಮೊಹರು ಮಾಡಬೇಕು. ನಿದ್ದೆಗಣ್ಣಿನಲ್ಲಿ ಬಂದ ಏಜೆಂಟರಿಗೆ ಇದೆಲ್ಲ ಬೇಸರದ ಶಾಸ್ತ್ರವೆನಿಸಬಹುದೆಂದು ನಾನು ಭಾವಿಸಿದ್ದೆ. ಅವರೋ ಒಂದೊಂದು ಚೀಟಿಯನ್ನೂ ಕಣ್ಣಿಟ್ಟು ನೋಡಿದರು. ಅವರಿಗೆ ನನ್ನ ಮೇಲೆ ನಂಬಿಕೆ ಇರಬೇಕಾದ ಕಾರಣವೇ ಇರಲಿಲ್ಲ, ಪರಸ್ಪರರ ಮೇಲಂತೂ ಮೊದಲೇ ಇರಲಿಲ್ಲ. ನಂಬಿಕೆ ಇಲ್ಲದಿದ್ದರೂ ಜೊತೆಗೆ ಕುಳಿತು ಕೆಲಸ ಮಾಡುವಂತೆ ನಿಯಮ ಅವರನ್ನು ಕೂರಿಸಿತ್ತು.

ಹತ್ತು ಗಂಟೆಯ ಸುಮಾರಿಗೆ ವಯಸ್ಸಾದ ಅಜ್ಜಿಯೊಬ್ಬರು ಮತದಾರರ ಮಾಹಿತಿ ಚೀಟಿಯೊಂದನ್ನೇ ಹಿಡಿದು ಬಂದರು. ಪಟ್ಟಿಯಲ್ಲಿ ಹೆಸರಿತ್ತು, ಗುರುತಿನ ದಾಖಲೆ ಇರಲಿಲ್ಲ. ಈ ಮಾಹಿತಿ ಚೀಟಿಯನ್ನಷ್ಟೇ ಗುರುತಿನ ದಾಖಲೆಯೆಂದು ಒಪ್ಪುವುದನ್ನು ಆಯೋಗ 2019ರಲ್ಲೇ ನಿಲ್ಲಿಸಿದೆ. "ಬಿಡಿ ಮೇಷ್ಟ್ರೇ, ಇವಮ್ಮ ಯಾರು ಅಂತ ಊರಿಗೇ ಗೊತ್ತು" ಎಂದು ಏಜೆಂಟರೆಲ್ಲ ಒಂದೇ ದನಿಯಲ್ಲಿ ಹೇಳಿದರು. ಆ ದಿನ ಅವರು ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ. ನನಗೂ ಬಿಟ್ಟುಬಿಡೋಣ ಎನ್ನಿಸಿತು. ಆದರೆ ಎಪಿಕ್ ಕಾರ್ಡ್, ಅಂದರೆ ಮತದಾರರ ಗುರುತಿನ ಚೀಟಿ, ಇಲ್ಲದವರಿಗಾಗಿ 12 ಬೇರೆ ದಾಖಲೆಗಳಿಗೆ ಅವಕಾಶವಿತ್ತು. "ಅಜ್ಜಿ, ಜಾಬ್ ಕಾರ್ಡೋ ಫೋಟೊ ಇರೋ ಪಾಸ್‌ಬುಕ್ಕೋ ಏನಾದ್ರೂ ಇದೆಯಾ?" ಎಂದು ಕೇಳಿದೆ. ಮೊಮ್ಮಗ ಬೈಕಿನಲ್ಲಿ ಹೋಗಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಉದ್ಯೋಗ ಖಾತ್ರಿ ಕಾರ್ಡನ್ನು ತಂದ. ಅಲ್ಲಿಯವರೆಗೆ ಅಜ್ಜಿ ಬೆಂಚಿನ ಮೇಲೆ ಕುಳಿತು, ನನ್ನ ಬಗ್ಗೆ ನನಗೇ ಕೇಳುವಂತೆ ಒಂದೆರಡು ಮಾತು ಆಡಿದರು. ಅದಕ್ಕೆ ಅವರಿಗೆ ಪೂರ್ಣ ಹಕ್ಕಿತ್ತು.

ಮಧ್ಯಾಹ್ನ ಬೆಂಗಳೂರಿನಿಂದ ಬಂದಿದ್ದ ಹುಡುಗನೊಬ್ಬ ಅದೇ ರೀತಿ ಬರೀ ಚೀಟಿ ಹಿಡಿದು ನಿಂತ. ಈಗ ಒಂದು ಪಕ್ಷದ ಏಜೆಂಟ್ "ಇವನು ನಮ್ಮ ಹುಡುಗ" ಎಂದರೆ, ಇನ್ನೊಬ್ಬರು "ಇವನು ಅವನಲ್ಲ, ಅವನ ತಮ್ಮ" ಎಂದರು. ಮಾತು ಏರಿತು, ಹೊರಗಿನ ಸಾಲೂ ಕಿಟಕಿಯತ್ತ ವಾಲಿತು. ಬೆಳಿಗ್ಗೆ ಅಜ್ಜಿಯನ್ನು ಊರಿನ ಮಾತಿನ ಮೇಲೆ ಒಳಗೆ ಬಿಟ್ಟಿದ್ದರೆ, ಈಗ ಯಾರ ಮಾತನ್ನು ನಂಬಬೇಕೆಂದು ತೀರ್ಮಾನಿಸುವ ಭಾರ ನನ್ನ ತಲೆಯ ಮೇಲೆ ಬೀಳುತ್ತಿತ್ತು. ಯಾರನ್ನು ನಂಬಿದರೂ ನಾನು ಇನ್ನೊಂದು ಬಣದ ಶತ್ರು. "ಅಜ್ಜಿಗೆ ಹೇಳಿದ್ದೇ ನಿನಗೂ, ಕಾರ್ಡ್ ತಗೊಂಡು ಬಾರಪ್ಪ" ಎಂದೆ. ಸಾಲಿನಲ್ಲಿದ್ದವರೇ ಅದನ್ನು ಸಮರ್ಥಿಸಿದರು. ಆಧಾರ್ ಹಿಡಿದು ಅವನು ಮರಳಿದ ಮೇಲೂ ವಿರೋಧಿ ಏಜೆಂಟರ ಗೊಣಗಾಟ ನಿಲ್ಲಲಿಲ್ಲ. ಅನುಮಾನವಿದ್ದರೆ ₹2 ಕಟ್ಟಿ ವಿಧಿಪೂರ್ವಕ ಆಕ್ಷೇಪ ಸಲ್ಲಿಸಬಹುದು, ಆಕ್ಷೇಪ ಬರೀ ಕಿರುಕುಳವೆಂದು ಕಂಡರೆ ಆ ಹಣ ಮುಟ್ಟುಗೋಲಾಗುತ್ತದೆ ಎಂದು ಪುಟ ತೆರೆದು ತೋರಿಸಿದೆ. ಅವರು ಜೇಬು ಮುಟ್ಟಿಕೊಂಡು ನಕ್ಕರು. ಹುಡುಗನ ಎಡಗೈ ತೋರುಬೆರಳಿಗೆ ಮೈಸೂರಿನ ಶಾಯಿ ಬಿತ್ತು.

ಸಂಜೆ 6ಕ್ಕೆ ಸಾಲಿನ ಕೊನೆಯವರಿಂದ ಆರಂಭಿಸಿ ಮುಂದಕ್ಕೆ ನನ್ನ ಸಹಿಯಿರುವ ಚೀಟಿಗಳನ್ನು ಹಂಚಿದೆವು. ಹೀಗೆ ಹಿಂದಿನಿಂದ ಹಂಚಿದರೆ ಆಮೇಲೆ ಬಂದವರು ಸಾಲಿಗೆ ಸೇರಲಾಗದು. ಹೊಲದಿಂದ ಓಡಿಬಂದ ಒಬ್ಬರು ಐದು ನಿಮಿಷ ತಡವಾಗಿದ್ದರು; ಅವರನ್ನು ವಾಪಸು ಕಳುಹಿಸಿದ್ದು ನನಗೆ ಇಂದಿಗೂ ಸಮಾಧಾನದ ಸಂಗತಿಯಲ್ಲ, ಆದರೆ ಬೇರೆ ದಾರಿಯೂ ಕಾಣಲಿಲ್ಲ. ಕೊನೆಯವರ ಮತವೂ ಮುಗಿದ ನಂತರ ಕ್ಲೋಸ್ ಗುಂಡಿ ಒತ್ತಿ, ಯಂತ್ರದ ಒಟ್ಟು ಸಂಖ್ಯೆಯನ್ನು ಮತದಾರರ ರಿಜಿಸ್ಟರಿನೊಂದಿಗೆ ತಾಳೆ ಹಾಕಿ, ಬಿದ್ದ ಮತಗಳ ಲೆಕ್ಕ ಬರೆಯುವ ನಮೂನೆ 17ಸಿ ತುಂಬಿದೆ. ಮಧ್ಯಾಹ್ನ ಗೊಣಗಿದ್ದ ಏಜೆಂಟ್ ಅಂಕಿಗಳನ್ನು ತಮ್ಮ ಪುಸ್ತಕದ ಲೆಕ್ಕದೊಂದಿಗೆ ಎರಡು ಬಾರಿ ಹೋಲಿಸಿ ನೋಡಿ, ಸಹಿ ಮಾಡಿ, ಎಣಿಕೆಯ ದಿನಕ್ಕೆಂದು ತಮ್ಮ ಪ್ರತಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ನಾವು ಪೆಟ್ಟಿಗೆಗಳನ್ನು ಎತ್ತಿಕೊಂಡು ಯಂತ್ರಗಳನ್ನು ಒಪ್ಪಿಸುವ ಡಿಮಸ್ಟರಿಂಗ್ ಕೇಂದ್ರದ ಬಸ್ಸು ಹತ್ತಿದೆವು.