ಮನೆಯ ಬಟ್ಟಿ ಯಂತ್ರ: ಬೆಂಕಿಗಿಂತ ಮೊದಲು ತಣ್ಣೀರಿನ ಲೆಕ್ಕ

ಸುಗಂಧ ತೈಲವನ್ನು ಮನೆಯಲ್ಲೇ ಬಟ್ಟಿ ಇಳಿಸಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಪಾತ್ರೆಯ ಬಗ್ಗೆ. ತಾಮ್ರದ್ದು ಒಳ್ಳೆಯದೋ, ಸ್ಟೀಲಿನದೋ, ಗಾಜಿನದೋ, ಎಷ್ಟು ಲೀಟರಿನದನ್ನು ಕೊಳ್ಳಬೇಕು ಎಂದು ಕೇಳುತ್ತಾರೆ. ನಾನು ಅವರಿಗೆ ಮೊದಲು ಹಾಕುವ ಪ್ರಶ್ನೆ ಬೇರೆ: ಹಬೆಯನ್ನು ತಣಿಸುವ ನೀರು ಎಲ್ಲಿಂದ ಬರುತ್ತದೆ, ಬಿಸಿಯಾದ ಆ ನೀರು ಎಲ್ಲಿಗೆ ಹೋಗುತ್ತದೆ? ಇದಕ್ಕೆ ಉತ್ತರ ಸಿದ್ಧವಿಲ್ಲದೆ ಎಷ್ಟು ಸೊಗಸಾದ ಪಾತ್ರೆಯನ್ನು ತಂದಿಟ್ಟರೂ, ಕುದಿ ಹಿಡಿದ ಸ್ವಲ್ಪ ಹೊತ್ತಿಗೆಲ್ಲ ಕೊಳವೆಯ ಬಾಯಿಂದ ಬರಿಯ ಹಬೆಯೇ ಹೊರಬರತೊಡಗುತ್ತದೆ, ಮತ್ತು ನಾವು ಹಿಡಿಯಲು ಹೊರಟ ಪರಿಮಳ ಕೋಣೆಯ ಗಾಳಿಗೆ ಸೇರಿಹೋಗುತ್ತದೆ.

ಲೆಕ್ಕ ಕಷ್ಟದ್ದೇನಲ್ಲ. ಒಂದು ಲೀಟರ್ ನೀರನ್ನು 20 ಡಿಗ್ರಿ ಸೆಲ್ಸಿಯಸ್‌ನಿಂದ ಕುದಿಯುವ ಮಟ್ಟಕ್ಕೆ ತರಲು ಸುಮಾರು 335 ಕಿಲೋಜೌಲ್ ಶಾಖ ಸಾಕು. ಆದರೆ ಕುದಿಯುತ್ತಿರುವ ಅಷ್ಟೇ ನೀರನ್ನು ಪೂರ್ತಿ ಹಬೆಯಾಗಿಸಲು ಸುಮಾರು 2,257 ಕಿಲೋಜೌಲ್ ಬೇಕು. ಆ ಹಬೆ ಮತ್ತೆ ನೀರಾಗುವಾಗ ಅಷ್ಟೂ ಶಾಖವನ್ನು ಬಿಟ್ಟುಕೊಡುತ್ತದೆ, ಮತ್ತು ಹಾಗೆ ಬಿಟ್ಟ ಶಾಖವನ್ನು ಹೊತ್ತೊಯ್ಯುವುದೇ ಕಂಡೆನ್ಸರಿನ, ಅಂದರೆ ಹಬೆಯನ್ನು ತಣಿಸಿ ನೀರಾಗಿಸುವ ಭಾಗದ, ಕೆಲಸ. ಇಳಿದ ನೀರನ್ನು 35 ಡಿಗ್ರಿಯವರೆಗೆ ತಣಿಸುವುದನ್ನೂ ಸೇರಿಸಿಕೊಂಡರೆ ಪ್ರತಿ ಲೀಟರಿಗೆ ಹೊರಹಾಕಬೇಕಾದ ಶಾಖ ಸುಮಾರು 2,500 ಕಿಲೋಜೌಲ್. ತಣಿಸುವ ನೀರು 20 ಡಿಗ್ರಿಯಷ್ಟು ಬಿಸಿಯೇರಬಹುದೆಂದು ಇಟ್ಟುಕೊಂಡರೂ, ಒಂದು ಲೀಟರ್ ಬಟ್ಟಿ ಇಳಿಸಲು ಹತ್ತಿರ ಹತ್ತಿರ 30 ಲೀಟರ್ ತಣ್ಣೀರು ಬೇಕಾಯಿತು. ಹಬೆ ಹಾಯುವ ಸುರುಳಿ ಕೊಳವೆಯನ್ನು ಒಂದು ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು ಮೂರು ಲೀಟರ್ ಇಳಿಸುತ್ತೇನೆಂದು ಹೊರಟರೆ ಅದು ಏಕೆ ಆಗುವುದಿಲ್ಲ ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ. ನಲ್ಲಿಯ ನೀರನ್ನು ಸಣ್ಣಗೆ ಹರಿಯಬಿಟ್ಟು, ಹೊರಬಂದದ್ದನ್ನು ತೊಟ್ಟಿಯಲ್ಲಿ ಹಿಡಿದು ಬೇರೆ ಕೆಲಸಕ್ಕೆ ಬಳಸುವುದು ಒಂದು ದಾರಿ. ದೊಡ್ಡ ಡ್ರಮ್ಮಿನಲ್ಲಿ ನೀರು ತುಂಬಿಸಿ, ಮುಳುಗಿಸಿಡುವ ಸಣ್ಣ ಪಂಪಿನಿಂದ ಅದನ್ನೇ ಸುತ್ತಿಸುವುದು ಇನ್ನೊಂದು. ನೀರಿನ ಉಳಿತಾಯದ ದೃಷ್ಟಿಯಿಂದ ನಾನು ಇದನ್ನೇ ಮೆಚ್ಚುತ್ತೇನೆ. ಮಂಜುಗಡ್ಡೆ ಹಾಕಬಹುದು, ಆದರೆ ಒಂದು ಲೀಟರ್ ಇಳಿಸಲು ಸುಮಾರು ಆರು ಕಿಲೋ ಕರಗುತ್ತದೆ ಎಂಬುದನ್ನು ಮೊದಲೇ ಎಣಿಸಿಕೊಳ್ಳಬೇಕು.

ತಣ್ಣೀರು ಹರಿಯುವ ದಿಕ್ಕೂ ಮುಖ್ಯ. ಅದು ಕಂಡೆನ್ಸರಿನ ಕೆಳಗಿನ ತುದಿಯಿಂದ ಒಳಹೋಗಿ ಮೇಲಿನ ತುದಿಯಿಂದ ಹೊರಬರಬೇಕು. ಹಾಗಾದಾಗ ಬಿಸಿ ಹಬೆ ಮೊದಲು ಬೆಚ್ಚಗಿನ ನೀರನ್ನು ಸಂಧಿಸಿ, ಕೆಳಗಿಳಿಯುತ್ತ ಹೋದಂತೆ ಹೆಚ್ಚು ಹೆಚ್ಚು ತಂಪಾದ ನೀರಿನ ಪಕ್ಕದಲ್ಲಿ ಸಾಗುತ್ತದೆ. ಸುರುಳಿಯನ್ನು ತೊಟ್ಟಿಯಲ್ಲಿ ಮುಳುಗಿಸುವ ಯಂತ್ರದಲ್ಲೂ ಇದೇ ನಿಯಮ: ಬಿಸಿನೀರು ಮೇಲೆ ನಿಲ್ಲುತ್ತದೆಯಾದ್ದರಿಂದ ಅದನ್ನು ಮೇಲಿನಿಂದಲೇ ತೆಗೆದು, ತಣ್ಣೀರನ್ನು ಕೊಳವೆಯ ಮೂಲಕ ತಳಕ್ಕೆ ಬಿಡಬೇಕು.

ನೀಲಗಿರಿಯ ಎಲೆಯನ್ನಾಗಲಿ ನಿಂಬೆಹುಲ್ಲನ್ನಾಗಲಿ ಕುದಿಸಿದರೆ ತೈಲ ಏಕೆ ಹಬೆಯ ಜೊತೆ ಬರುತ್ತದೆ ಎಂಬುದು ನನಗೆ ಈಗಲೂ ಬೆರಗು ಹುಟ್ಟಿಸುವ ಸಂಗತಿ. ಪರಿಮಳದ ಅಂಶಗಳಲ್ಲಿ ಬಹುತೇಕ ಎಲ್ಲವೂ ನೀರಿಗಿಂತ ಬಹಳ ಮೇಲಿನ ಉಷ್ಣತೆಯಲ್ಲಿ ಕುದಿಯುವಂಥವು. ಲಿಮೊನೀನ್ 176 ಡಿಗ್ರಿಯಲ್ಲಿ, ಲಿನಲೂಲ್ ಸುಮಾರು 198ರಲ್ಲಿ, ಲವಂಗದ ಯೂಜಿನಾಲ್ ಸುಮಾರು 254ರಲ್ಲಿ. ಅಷ್ಟು ಬಿಸಿಯನ್ನು ನೇರವಾಗಿ ಕೊಟ್ಟರೆ ಸೊಪ್ಪು ಕರಕಲಾಗುತ್ತದೆಯೇ ಹೊರತು ತೈಲ ಸಿಗುವುದಿಲ್ಲ. ಆದರೆ ಒಂದರಲ್ಲೊಂದು ಬೆರೆಯದ ಎರಡು ದ್ರವಗಳು ಒಟ್ಟಿಗಿದ್ದಾಗ, ಎರಡರ ಆವಿಯ ಒತ್ತಡಗಳು ಕೂಡಿ ವಾತಾವರಣದ ಒತ್ತಡವನ್ನು ಮುಟ್ಟಿದೊಡನೆ ಅವು ಜೊತೆಯಾಗಿ ಕುದಿಯುತ್ತವೆ. ಹಾಗಾಗಿ ನೀರಿನ ಜೊತೆ ಇರುವ ತೈಲ 100 ಡಿಗ್ರಿಗಿಂತ ತುಸು ಕೆಳಗೇ ಆವಿಯಾಗಿ ಹೊರಡುತ್ತದೆ. ಹಬೆಯ ಬಟ್ಟಿಯ ಇಡೀ ಕಸುಬು ನಿಂತಿರುವುದು ಈ ಒಂದು ಗುಣದ ಮೇಲೆ.

ಇನ್ನು ಪಾತ್ರೆಯ ವಿಷಯ. ಸ್ಟೇನ್‌ಲೆಸ್ ಸ್ಟೀಲ್ ತೊಳೆಯಲು ಸುಲಭ, ಹಿಂದಿನ ವಾಸನೆಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ತಾಮ್ರ ಶಾಖವನ್ನು ಸಮನಾಗಿ ಹರಡುತ್ತದೆ, ಮತ್ತು ಬೆಂದ ಸೊಪ್ಪಿನಿಂದ ಬರುವ ಗಂಧಕದ ಸಂಯುಕ್ತಗಳನ್ನು ತನ್ನಲ್ಲಿ ಹಿಡಿದುಕೊಂಡು ತೈಲದ ಕೆಟ್ಟ ವಾಸನೆಯನ್ನು ತಗ್ಗಿಸುತ್ತದೆ; ಆದರೆ ಹಸಿರು ಕಿಲುಬು ಕಟ್ಟದಂತೆ ನೋಡಿಕೊಳ್ಳುವ ಶ್ರದ್ಧೆ ಬೇಕು. ಗಾಜಿನಲ್ಲಿ ಒಳಗೆ ನಡೆಯುವುದೆಲ್ಲ ಕಾಣುತ್ತದೆ, ಆದ್ದರಿಂದ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಗುರುವಿಲ್ಲ. ಹಳೆಯ ಪ್ರೆಷರ್ ಕುಕ್ಕರಿಗೆ ಕೊಳವೆ ಜೋಡಿಸುವವರಿದ್ದಾರೆ. ನಾನು ಅದನ್ನು ಸಲಹೆ ಮಾಡುವುದಿಲ್ಲ, ಏಕೆಂದರೆ ಅದರ ರಬ್ಬರ್ ಗ್ಯಾಸ್ಕೆಟ್ ತೈಲವನ್ನು ಹೀರಿ ವಾಸನೆ ಬಿಡುತ್ತದೆ, ಸಣ್ಣ ವೆಂಟಿನ ಬಾಯಿಗೆ ಎಲೆಯ ಚೂರು ಸಿಕ್ಕಿಕೊಳ್ಳುವ ಭಯವೂ ಇದೆ. ರಬ್ಬರ್ ಮತ್ತು ಸಾಮಾನ್ಯ ಪ್ಲಾಸ್ಟಿಕ್ ಎರಡನ್ನೂ ಹಬೆಯ ದಾರಿಯಿಂದ ದೂರವಿಡಬೇಕು. ಕೀಲುಗಳಲ್ಲಿ ಹಬೆ ಸೋರಿದರೆ ಟೆಫ್ಲಾನ್ ಟೇಪ್ ಸುತ್ತಬಹುದು, ಇಲ್ಲವೇ ಗಟ್ಟಿಯಾಗಿ ಕಲಸಿದ ಹಿಟ್ಟಿನ ಕಣಕವನ್ನು ಮೆತ್ತಬಹುದು. ಹಿಟ್ಟು ಬಿಸಿಗೆ ಒಣಗಿ ಗಟ್ಟಿಯಾಗುತ್ತದೆ, ಕೆಲಸ ಮುಗಿದ ಮೇಲೆ ನೆನೆಸಿದರೆ ಬಿಟ್ಟುಬರುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಈ ಯಂತ್ರ ಎಂದೂ ಎಲ್ಲ ಕಡೆಯೂ ಮುಚ್ಚಿರಬಾರದು. ಕುದಿಯುವ ಪಾತ್ರೆಯಿಂದ ಸುರುಳಿಯ ತುದಿಯವರೆಗಿನ ದಾರಿ ಯಾವಾಗಲೂ ತೆರೆದಿರಬೇಕು, ಏಕೆಂದರೆ ನುಣ್ಣಗೆ ಪುಡಿಮಾಡಿದ ಸೊಪ್ಪು ಉಕ್ಕಿ ಬಂದು ಕೊಳವೆಯನ್ನು ಕಟ್ಟಿದರೆ ಒಳಗೆ ಒತ್ತಡ ಏರಿ ಪಾತ್ರೆ ಸಿಡಿಯಬಹುದು. ಪಾತ್ರೆಯ ಮೇಲ್ಭಾಗದಲ್ಲಿ ಕಾಲು ಭಾಗವನ್ನಾದರೂ ಖಾಲಿ ಬಿಡಬೇಕು. ಪ್ರತಿ ಸಲ ಜೋಡಿಸುವ ಮುಂಚೆ ಕೊಳವೆಯ ಒಂದು ತುದಿಯಲ್ಲಿ ಊದಿ, ಇನ್ನೊಂದು ತುದಿಯಲ್ಲಿ ಗಾಳಿ ಬರುತ್ತದೆಯೇ ಎಂದು ನೋಡಬೇಕು. ತೈಲದ ಆವಿ ಹೊತ್ತಿಕೊಳ್ಳುವಂಥದ್ದಾದ್ದರಿಂದ ತೆರೆದ ಉರಿಗಿಂತ ವಿದ್ಯುತ್ ಒಲೆ ಮೇಲು. ತಳದ ನೀರು ಇಂಗಿ ಸೊಪ್ಪು ಸೀದರೆ ಆ ಸೀದ ವಾಸನೆ ತೈಲವನ್ನು ಬಿಟ್ಟುಹೋಗುವುದೇ ಇಲ್ಲ, ಹಾಗಾಗಿ ಯಂತ್ರವನ್ನು ಬಿಟ್ಟು ಎದ್ದು ಹೋಗುವ ಮಾತೇ ಬೇಡ. ಮದ್ಯ ತಯಾರಿಕೆಯ ಕಾರಣದಿಂದ ಹಲವು ದೇಶಗಳಲ್ಲಿ ಬಟ್ಟಿ ಯಂತ್ರ ಇಟ್ಟುಕೊಳ್ಳುವುದಕ್ಕೇ ನಿಯಮಗಳಿವೆ. ಕೊಳ್ಳುವ ಮೊದಲು ಅವನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಸೊಪ್ಪನ್ನು ನೀರಿನಲ್ಲೇ ಮುಳುಗಿಸಬೇಕೋ, ನೀರಿನ ಮೇಲೆ ಜಾಲರಿ ಇಟ್ಟು ಅದರ ಮೇಲೆ ಹರಡಬೇಕೋ ಎಂಬುದು ಸಸ್ಯವನ್ನು ಅವಲಂಬಿಸಿದೆ. ಗುಲಾಬಿಯ ಎಸಳುಗಳು ಹಬೆಗೆ ಸಿಕ್ಕಿದರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ, ಹಬೆ ಅದರೊಳಗೆ ನುಗ್ಗುವುದಿಲ್ಲ. ಅವು ನೀರಿನಲ್ಲಿ ತೇಲಾಡುತ್ತ ಬೇಯಬೇಕು. ಲ್ಯಾವೆಂಡರಿನದು ಇದಕ್ಕೆ ತಿರುವುಮುರುವು. ಅದರ ಪರಿಮಳದ ಮುಖ್ಯ ಅಂಶವಾದ ಲಿನಲೈಲ್ ಅಸಿಟೇಟ್ ಬಿಸಿನೀರಿನಲ್ಲಿ ಬಹಳ ಹೊತ್ತು ಇದ್ದರೆ ಒಡೆದುಹೋಗುವುದರಿಂದ ಜಾಲರಿಯ ಮೇಲಿಟ್ಟು ಬೇಗ ಮುಗಿಸಬೇಕು. ಮಲ್ಲಿಗೆಯನ್ನು ಬಟ್ಟಿಗೆ ಹಾಕುವ ಆಸೆಯನ್ನೇ ಬಿಟ್ಟುಬಿಡುವುದು ಒಳಿತು. ಅದರ ನಯವಾದ ಪರಿಮಳ ಹಬೆಯ ಬಿಸಿಯನ್ನು ತಾಳುವುದಿಲ್ಲ.

ತೈಲ ಗಿಡದ ಯಾವ ಭಾಗದಲ್ಲಿ ಕುಳಿತಿದೆ ಎಂಬುದನ್ನು ತಿಳಿದರೆ ಸೊಪ್ಪನ್ನು ಹೇಗೆ ಸಿದ್ಧಮಾಡಬೇಕೆಂಬುದು ತಾನಾಗಿ ಹೊಳೆಯುತ್ತದೆ. ಪುದೀನದ ಎಲೆಯನ್ನು ಭೂತಗನ್ನಡಿಯ ಕೆಳಗೆ ಹಿಡಿದು ನೋಡಿ: ಹಿಂಬದಿಯಲ್ಲಿ ಮಿನುಗುವ ಸಣ್ಣ ಸಣ್ಣ ಗುಂಡುಗಳು ಕಾಣುತ್ತವೆ. ಅವೇ ತೈಲದ ಗ್ರಂಥಿಗಳು, ಮೇಲ್ಮೈಯಲ್ಲೇ ಇರುವುದರಿಂದ ಹಬೆ ಸೋಕಿದರೆ ಒಡೆಯುತ್ತವೆ. ಇಂಥ ಸೊಪ್ಪನ್ನು ಕೈಯಿಂದ ಹೊಸಕಿದರೆ ನಷ್ಟವೇ. ನೀಲಗಿರಿಯಲ್ಲಿ ಗ್ರಂಥಿಗಳು ಎಲೆಯ ಒಳಗೆ ಹುದುಗಿವೆ. ಬೀಜ, ಬೇರು, ಕಟ್ಟಿಗೆಗಳಲ್ಲಿ ಇನ್ನೂ ಆಳದಲ್ಲಿರುವುದರಿಂದ ಅವನ್ನು ಜಜ್ಜಿ ಅಥವಾ ಚೂರುಮಾಡಿ ತಕ್ಷಣ ಯಂತ್ರಕ್ಕೆ ಹಾಕಬೇಕು. ನಿಂಬೆಹುಲ್ಲನ್ನು ಕೊಯ್ದು ನೆರಳಿನಲ್ಲಿ ಒಂದು ದಿನ ಬಾಡಿಸಿದರೆ ತೇವ ಕಡಿಮೆಯಾಗಿ ಅದೇ ಪಾತ್ರೆಯಲ್ಲಿ ಹೆಚ್ಚು ಹುಲ್ಲು ಹಿಡಿಸುತ್ತದೆ. ತುಂಬುವಾಗ ಗಮನಿಸಬೇಕಾದದ್ದು ಸಮನಾದ ಬಿಗಿ. ಒಂದು ಕಡೆ ಸಡಿಲವಾಗಿದ್ದರೆ ಹಬೆ ಅಲ್ಲೇ ದಾರಿ ಮಾಡಿಕೊಂಡು ನುಗ್ಗುತ್ತದೆ, ಉಳಿದ ಸೊಪ್ಪು ಬೆಂದರೂ ಅದರ ತೈಲ ಒಳಗೇ ಉಳಿಯುತ್ತದೆ. ಮುಗಿದ ಮೇಲೆ ಸೊಪ್ಪನ್ನು ಹೊರಗೆ ಸುರಿದು ಬೇರೆ ಬೇರೆ ಭಾಗಗಳನ್ನು ಮೂಸಿ ನೋಡುವುದು ಒಳ್ಳೆಯ ಅಭ್ಯಾಸ. ಎಲ್ಲಿ ಗಾಢವಾದ ಪರಿಮಳ ಉಳಿದಿದೆಯೋ ಅಲ್ಲಿಗೆ ಹಬೆ ತಲುಪಿಲ್ಲ.

ಕುದಿ ಬರುವವರೆಗೆ ಉರಿ ಜೋರಾಗಿರಲಿ. ಮೊದಲ ಹನಿ ಬಿದ್ದೊಡನೆ ತಗ್ಗಿಸಬೇಕು. ಹತ್ತು ಲೀಟರಿನ ಪಾತ್ರೆಗೆ ಗಂಟೆಗೆ ಒಂದರಿಂದ ಒಂದೂವರೆ ಲೀಟರ್ ಇಳಿಯುವ ಗತಿ ಸಾಕೆಂಬುದು ನನ್ನ ಅಭಿಪ್ರಾಯ. ಕೊಳವೆಯಿಂದ ಬೀಳುವ ಹನಿ ಬೆರಳಿಗೆ ಉಗುರುಬೆಚ್ಚಗಿರಬೇಕು, ಅಂದರೆ 30ರಿಂದ 40 ಡಿಗ್ರಿಯ ಆಸುಪಾಸಿನಲ್ಲಿ. ಅದಕ್ಕಿಂತ ಬಿಸಿಯಾದರೆ ತೈಲ ಗಾಳಿಗೆ ಹೋಗುತ್ತದೆ. ತೀರ ತಣ್ಣಗಾದರೆ ಗುಲಾಬಿಯ ತೈಲದಲ್ಲಿರುವ ಮೇಣದಂಥ ಅಂಶ ಸುರುಳಿಯೊಳಗೇ ಹೆಪ್ಪುಗಟ್ಟುತ್ತದೆ, ಲಾವಂಚದ ಮಂದ ತೈಲ ಕೊಳವೆಗೆ ಅಂಟಿಕೊಳ್ಳುತ್ತದೆ. ಆಗ ಉರಿಯನ್ನು ಮುಟ್ಟದೆ ತಣ್ಣೀರಿನ ಹರಿವನ್ನಷ್ಟೇ ಕಡಿಮೆ ಮಾಡಬೇಕು. ಉರಿ ಮತ್ತು ನೀರು, ಈ ಎರಡರ ಹೊಂದಾಣಿಕೆ ಕೈಗೆ ಬಂದರೆ ಯಂತ್ರ ವಶವಾದಂತೆಯೇ.

ಮೊದಮೊದಲು ಬರುವ ನೀರು ಹಾಲಿನಂತೆ ಮಬ್ಬಾಗಿರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ತೈಲದ ಹನಿಗಳು ಅದರಲ್ಲಿ ಹರಡಿರುತ್ತವೆ, ನಿಧಾನವಾಗಿ ಮೇಲೇರಿ ಒಂದಕ್ಕೊಂದು ಸೇರಿ ಹೊನ್ನಿನ ಬಣ್ಣದ ತೆಳು ಪದರವಾಗುತ್ತವೆ. ಜರ್ಮನ್ ಕ್ಯಾಮೊಮೈಲ್ ಹೂವಿನದು ಇನ್ನೂ ವಿಶೇಷ. ಬಿಳಿ ಹಳದಿ ಹೂವುಗಳಿಂದ ಇಳಿಯುವ ತೈಲ ಗಾಢ ನೀಲಿ. ಹೂವಿನಲ್ಲಿರುವ ಬಣ್ಣವಿಲ್ಲದ ಮ್ಯಾಟ್ರಿಸಿನ್ ಎಂಬ ಪದಾರ್ಥ ಹಬೆಯ ಬಿಸಿಗೆ ಕ್ಯಾಮಜುಲೀನ್ ಆಗಿ ಮಾರ್ಪಡುವುದರಿಂದ ಆ ಬಣ್ಣ ಬರುತ್ತದೆ. ಗಾಜಿನ ಕೊಳವೆಯಲ್ಲಿ ಆ ನೀಲಿ ಎಳೆ ಮೂಡುವುದನ್ನು ಒಮ್ಮೆಯಾದರೂ ನೋಡಬೇಕು.

ತೈಲವನ್ನು ಬೇರ್ಪಡಿಸುವ ಪಾತ್ರೆಯ ತತ್ವ ಸರಳ: ತೇಲುವ ತೈಲ ಮೇಲೆ ಉಳಿಯುತ್ತದೆ, ತಳದಿಂದ ಹೊರಟ ಕೊಳವೆಯ ಮೂಲಕ ನೀರು ಹೊರಹೋಗುತ್ತದೆ. ಮನೆಯ ಬಟ್ಟಿಯಲ್ಲಿ ಸಿಗುವುದು ಸ್ವಲ್ಪವೇ ಆದ್ದರಿಂದ ಅಗಲ ಬಾಯಿಯ ಪಾತ್ರೆ ಬೇಡ, ಕಿರಿದಾದ ಕತ್ತಿನದು ಬೇಕು. 1928ರಲ್ಲಿ ಪ್ರಕಟವಾದ ಕ್ಲೆವೆಂಜರ್ ಉಪಕರಣ ಇಂಥ ಸಣ್ಣ ಪ್ರಮಾಣವನ್ನು ಅಳೆಯುವುದಕ್ಕೆಂದೇ ರೂಪುಗೊಂಡದ್ದು. ಅದರಲ್ಲಿ ಇಳಿದ ನೀರು ಮತ್ತೆ ಕುದಿಯುವ ಪಾತ್ರೆಗೇ ಮರಳುತ್ತದೆ, ತೈಲ ಮಾತ್ರ ಗೆರೆ ಹಾಕಿದ ಕೊಳವೆಯಲ್ಲಿ ನಿಲ್ಲುತ್ತದೆ. ಲವಂಗದ ತೈಲ ನೀರಿಗಿಂತ ಭಾರವಾಗಿದ್ದು ತಳಕ್ಕಿಳಿಯುತ್ತದೆ ಎಂಬುದನ್ನು ಮರೆತರೆ ಅಷ್ಟನ್ನೂ ನೀರಿನ ಜೊತೆ ಚೆಲ್ಲಿದಂತಾಗುತ್ತದೆ.

ಎಷ್ಟು ತೈಲ ಸಿಗುತ್ತದೆ ಎಂಬ ಪ್ರಶ್ನೆಗೆ ಬಣ್ಣ ಕಟ್ಟದೆ ಉತ್ತರಿಸುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ಹಸಿ ನಿಂಬೆಹುಲ್ಲಿನಲ್ಲಿ ತೂಕದ ಶೇಕಡಾ 0.2ರಿಂದ 0.5ರಷ್ಟು ತೈಲ ಬರುತ್ತದೆ. ಅಂದರೆ ಎರಡು ಕಿಲೋ ಹುಲ್ಲಿನಿಂದ ಹೆಚ್ಚೆಂದರೆ ಹತ್ತು ಗ್ರಾಂ. ಒಣ ಲವಂಗದ ಮೊಗ್ಗಿನಲ್ಲಿ ಶೇಕಡಾ 15ಕ್ಕೂ ಹೆಚ್ಚು ತೈಲವಿರುವುದರಿಂದ ಸ್ವಲ್ಪವೇ ಹಾಕಿದರೂ ಕಣ್ತುಂಬ ಕಾಣುತ್ತದೆ. ಗುಲಾಬಿಯಲ್ಲಾದರೋ ಒಂದು ಕಿಲೋ ತೈಲಕ್ಕೆ ಮೂರರಿಂದ ಐದು ಸಾವಿರ ಕಿಲೋ ಹೂವು ಬೇಕು. ಮನೆಯಲ್ಲಿ ಗುಲಾಬಿಯನ್ನು ಇಳಿಸುವವರು ತೈಲದ ಆಸೆ ಬಿಟ್ಟು ಸುಗಂಧ ಜಲಕ್ಕಾಗಿಯೇ ಇಳಿಸಬೇಕು. ಅದು ಕಡಿಮೆಯದೇನೂ ಅಲ್ಲ. ಗುಲಾಬಿಯ ಪರಿಮಳದ ಒಂದು ಮುಖ್ಯ ಭಾಗವಾದ ಫೀನೈಲ್ ಈಥೈಲ್ ಆಲ್ಕೋಹಾಲ್ ನೀರಿನಲ್ಲಿ ಚೆನ್ನಾಗಿ ಕರಗುವುದರಿಂದ, ಹೂವಿನ ನಿಜವಾದ ವಾಸನೆಗೆ ತೈಲಕ್ಕಿಂತ ನೀರೇ ಹತ್ತಿರವಾಗಿರುತ್ತದೆ.

ಹೊಸದಾಗಿ ಇಳಿದ ತೈಲಕ್ಕೆ ಒಂದು ಬಗೆಯ ಬೆಂದ ವಾಸನೆ ಇರುತ್ತದೆ. ಬಾಯಿಗೆ ತೆಳುಬಟ್ಟೆ ಕಟ್ಟಿ ಕೆಲವು ದಿನ ತಂಪಾದ ಕತ್ತಲೆಯಲ್ಲಿಟ್ಟರೆ ಅದು ಹಾರಿಹೋಗುತ್ತದೆ. ಆಮೇಲೆ ನೀರಿನ ಪಸೆ ಇಲ್ಲದಂತೆ ಸಿರಿಂಜಿನಿಂದ ಮೇಲಿನ ಪದರವನ್ನಷ್ಟೇ ಎತ್ತಿ, ಕಂದು ಗಾಜಿನ ಸಣ್ಣ ಬಾಟಲಿಯಲ್ಲಿ ಕತ್ತಿನವರೆಗೆ ತುಂಬಿಡಬೇಕು; ಅರ್ಧ ಖಾಲಿ ಬಾಟಲಿಯ ಗಾಳಿ ಲಿಮೊನೀನಿನಂಥ ಅಂಶಗಳನ್ನು ಕೆಡಿಸುತ್ತದೆ, ಕೆಟ್ಟ ತೈಲ ಚರ್ಮಕ್ಕೆ ಅಲರ್ಜಿ ತರುತ್ತದೆ. ಸುಗಂಧ ಜಲವನ್ನು ಕುದಿನೀರಿನಲ್ಲಿ ತೊಳೆದ ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿಡಬೇಕು. ಅದರಲ್ಲಿ ಎಳೆ ಎಳೆಯಾಗಿ ಏನಾದರೂ ತೇಲುವುದು ಕಂಡರೆ ಚೆಲ್ಲಬೇಕು. ತೈಲವನ್ನು ನೇರವಾಗಿ ಚರ್ಮಕ್ಕೆ ಹಚ್ಚಬಾರದು, ಬಾಯಿಗೆ ಹಾಕಬಾರದು, ಪುಟ್ಟ ಮಕ್ಕಳ ಮತ್ತು ಬೆಕ್ಕುಗಳ ಹತ್ತಿರ ಇಡಬಾರದು.

ಪ್ರತಿ ಬಟ್ಟಿಯ ನಂತರ ಪಾತ್ರೆಯನ್ನು ಬಿಸಿಯಿರುವಾಗಲೇ ಖಾಲಿ ಮಾಡಿ ತೊಳೆದು, ಸುರುಳಿಯೊಳಗಿನ ನೀರನ್ನು ಪೂರ್ತಿ ಬಸಿದು ಒಣಗಿಸಬೇಕು. ತಾಮ್ರದ ಕಿಲುಬಿಗೆ ಸಿಟ್ರಿಕ್ ಆಮ್ಲದ ಬಿಸಿನೀರು ಸಾಕು. ಲವಂಗದಂಥ ಗಾಢ ವಾಸನೆಯದನ್ನು ಇಳಿಸಿದ ಮೇಲೆ ಮುಂದಿನ ಸೊಪ್ಪನ್ನು ಹಾಕುವ ಮುಂಚೆ ಬರಿಯ ನೀರನ್ನೇ ಒಮ್ಮೆ ಬಟ್ಟಿ ಇಳಿಸಿ, ಈ ಸಲ ತಣ್ಣೀರನ್ನು ಬಿಡದೆ ಸುರುಳಿಯ ಉದ್ದಕ್ಕೂ ಬಿಸಿ ಹಬೆ ಹಾಯುವಂತೆ ಮಾಡಬೇಕು; ಹಾಗೆ ಹೊರಬಂದ ಹಬೆಯಲ್ಲಿ ಲವಂಗದ ಸುಳಿವು ಇಲ್ಲವಾಗುವವರೆಗೆ ಗುಲಾಬಿಯನ್ನು ಆ ಪಾತ್ರೆಗೆ ಹಾಕಬಾರದು.