ಐದು ನಿಮಿಷದ ಟೆಸ್ಟ್ ರೈಡಿನಲ್ಲಿ ಬೈಕಿನ ಆರಾಮ ಗೊತ್ತಾಗುವುದಿಲ್ಲ

ಕಾಸರಗೋಡಿನಲ್ಲಿ ಹಳೆಯ ದೊಡ್ಡ ಸ್ಪೋರ್ಟ್ಸ್ ಬೈಕುಗಳನ್ನು ಕೊಂಡು ಮಾರುವ ಅಂಗಡಿಯೊಂದರಲ್ಲಿ ನನ್ನ ಕೆಲಸ. ಬಂದ ಬೈಕನ್ನು ಮೊದಲು ನಾನು ಓಡಿಸಿ ನೋಡಬೇಕು, ಒಂದು ಹಾಳೆ ತುಂಬಬೇಕು. ಗಿರಾಕಿ ಬಂದರೆ ಅವರನ್ನು ಟೆಸ್ಟ್ ರೈಡಿಗೆ ಕರೆದುಕೊಂಡು ಹೋಗಬೇಕು. ಎಂಜಿನ್, ಬ್ರೇಕ್, ಚೈನ್, ಟೈರ್ ಬಗ್ಗೆ ಬರೆಯುವುದು ಸುಲಭ. ಕಷ್ಟ ಇರುವುದು ಹಾಳೆಯ ಕೊನೆಯ ಸಾಲಿನಲ್ಲಿ. ಅಲ್ಲಿ 'ಕಂಫರ್ಟ್' ಅಂತ ಇರುತ್ತದೆ. 'ಗುಡ್' ಅಂತ ಗೀಚಿದರೆ ಬೈಕ್ ಏನೋ ಮಾರಾಟ ಆಗುತ್ತದೆ. ಆದರೆ ಎಷ್ಟೋ ಬೈಕುಗಳು ಸ್ವಲ್ಪ ದಿನದಲ್ಲೇ ವಾಪಸ್ ನಮ್ಮ ಅಂಗಡಿ ಮುಂದೆ ಬಂದು ನಿಲ್ಲುತ್ತವೆ. ಎಂಜಿನ್ ಸರಿ ಇಲ್ಲ ಅಂತ ಅಲ್ಲ. ಕೈ ನೋವು, ಸೊಂಟ ನೋವು, ಇಲ್ಲ ಹೆಂಡತಿ ಹಿಂದೆ ಕೂರಲು ಒಪ್ಪುತ್ತಿಲ್ಲ.

ನಮ್ಮ ಕಡೆ ಇಂಥ ಬೈಕ್ ಕೇಳಿಕೊಂಡು ಬರುವವರಲ್ಲಿ ಗಲ್ಫಿನಿಂದ ರಜೆಗೆ ಬಂದ ಹುಡುಗರು ಜಾಸ್ತಿ. ರಜೆ ಸ್ವಲ್ಪವೇ ಇರುತ್ತದೆ, ಹಾಗಾಗಿ ಎಲ್ಲ ಅರ್ಜೆಂಟು. ಹತ್ತುತ್ತಾರೆ, ಖಾಲಿ ರಸ್ತೆ ಸಿಕ್ಕ ಕೂಡಲೇ ಒಮ್ಮೆ ಎಕ್ಸಿಲರೇಟರ್ ತಿರುಚುತ್ತಾರೆ, ಮುಖ ಅರಳಿಸಿಕೊಂಡು ವಾಪಸ್ ಬರುತ್ತಾರೆ. "ಸೂಪರ್ ಉಂಟು." ಸೂಪರ್ ಇದ್ದೇ ಇರುತ್ತದೆ. ಲೀಟರ್ ಬೈಕಿನ, ಅಂದರೆ 1000 ಸಿಸಿ ಆಸುಪಾಸಿನ ಬೈಕಿನ, ಪವರ್ ಗೊತ್ತಾಗಲು ಐದು ನಿಮಿಷವೂ ಬೇಡ. ಆದರೆ ಐದು ನಿಮಿಷದಲ್ಲಿ ಯಾರ ಮಣಿಕಟ್ಟೂ ನೋಯುವುದಿಲ್ಲ, ಅಲ್ವಾ?

ಆರಾಮ ಅಂದರೆ ಸೀಟು ಅಂತಲೇ ಎಲ್ಲರ ಲೆಕ್ಕ. ಬಂದವರು ಮೊದಲು ಹೆಬ್ಬೆರಳಿನಿಂದ ಸೀಟು ಒತ್ತಿ ನೋಡುತ್ತಾರೆ. ಮೆತ್ತಗಿದ್ದರೆ ಖುಷಿ. ನಿಜ ಹೇಳಬೇಕೆಂದರೆ, ಮೆತ್ತಗಿನ ಫೋಮ್ ಹತ್ತು ನಿಮಿಷಕ್ಕೆ ಹಿತ, ಒಂದು ಗಂಟೆ ಆಗುವಾಗ ಅದು ಪೂರ್ತಿ ಕುಸಿದು ತಳದ ಪ್ಲಾಸ್ಟಿಕ್ಕೇ ಚುಚ್ಚತೊಡಗುತ್ತದೆ. ಸ್ವಲ್ಪ ಗಟ್ಟಿ ಇರುವ, ಅಗಲವಾದ ಸೀಟೇ ವಾಸಿ. ಅದಕ್ಕಿಂತ ಮುಖ್ಯ, ಹ್ಯಾಂಡಲ್, ಸೀಟು, ಫುಟ್‌ರೆಸ್ಟ್ ಈ ಮೂರರ ನಡುವಿನ ಅಂತರ. ಮೈ ಎಷ್ಟು ಬಗ್ಗಬೇಕು, ಮಂಡಿ ಎಷ್ಟು ಮಡಚಬೇಕು ಅನ್ನುವುದೆಲ್ಲ ಅಲ್ಲೇ ತೀರ್ಮಾನ ಆಗುತ್ತದೆ. ಹೋಂಡಾ ಸಿಬಿಆರ್650ಆರ್ ಮತ್ತು ಕವಾಸಾಕಿ ನಿಂಜಾ 650 ಎರಡೂ 649 ಸಿಸಿ. ಹೋಂಡಾದಲ್ಲಿ ಹ್ಯಾಂಡಲಿನ ಎರಡು ತುಂಡುಗಳು ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಮೇಲಿನ ಪ್ಲೇಟಿಗಿಂತ ಕೆಳಗೆ ಕೂತಿವೆ. ನಿಂಜಾದಲ್ಲಿ ಅದನ್ನು ಮೇಲಕ್ಕೆ ಎತ್ತಿ ಕೊಟ್ಟಿದ್ದಾರೆ. ಅಂಗಡಿಯಲ್ಲಿ ನಿಂತಲ್ಲೇ ಕೂತು ನೋಡಿದರೆ ಇದು ದೊಡ್ಡ ವ್ಯತ್ಯಾಸ ಅನಿಸುವುದಿಲ್ಲ. ಟೆಸ್ಟ್ ರೈಡಿನಲ್ಲಿ ಬದಿಯಡ್ಕದವರೆಗೆ ಹೋಗಿ ಬಂದವರು ಇದರ ಬಗ್ಗೆಯೇ ಮಾತಾಡುತ್ತಾರೆ.

ಇನ್ನೊಂದು ಗಾಳಿಯ ವಿಷಯ. ನಿಧಾನ ಹೋದರೆ ಆರಾಮ, ಜೋರು ಹೋದರೆ ಸುಸ್ತು ಅಂತ ನಾವು ಅಂದುಕೊಂಡಿರುತ್ತೇವೆ. ಮುಂದೆ ಬಗ್ಗಿ ಕೂರುವ ಬೈಕಿನಲ್ಲಿ ಇದು ಉಲ್ಟಾ. ವೇಗ ಎರಡು ಪಟ್ಟಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 100 ಕಿ.ಮೀ. ಆಸುಪಾಸಿನಲ್ಲಿ ಆ ಗಾಳಿಯೇ ಎದೆಗೆ ಆನಿಕೊಂಡು ಕೈಮೇಲಿನ ಭಾರ ಇಳಿಸುತ್ತದೆ. 40ರಲ್ಲಿ ಆ ಸಹಾಯ ಇಲ್ಲ, ಬಗ್ಗಿದ ಮೈಯ ಭಾರ ಅಂಗೈ ಮೇಲೆ. ಇವನ್ನು ಮಾಡಿದವರ ತಲೆಯಲ್ಲಿ ಇದ್ದದ್ದು ರೇಸ್ ಟ್ರ್ಯಾಕ್. ನಮಗೆ ದಿನಾ ಸಿಗುವುದು ಹಂಪು, ಸರ್ವಿಸ್ ರೋಡು, ಮುಂದೆ ಒಂದು ಬಸ್ಸು. ಹಾಗಾಗಿ ಖಾಲಿ ಹೈವೇಯಲ್ಲಿ ಮಾಡಿದ ಟೆಸ್ಟ್ ರೈಡ್ ಬೈಕಿನ ಒಳ್ಳೆ ಮುಖ ಮಾತ್ರ ತೋರಿಸುತ್ತದೆ.

ಅದಕ್ಕೇ ನಾನು ಬೇರೆ ದಾರಿ ಇಟ್ಟುಕೊಂಡಿದ್ದೇನೆ. ಸಂಜೆ ಹೊತ್ತು ಹೊಸ ಬಸ್ ಸ್ಟ್ಯಾಂಡಿನ ಟ್ರಾಫಿಕ್ಕಿನಿಂದ ಶುರು. ಅಲ್ಲಿ ಕ್ಲಚ್ ಎಷ್ಟು ಗಟ್ಟಿ ಅಂತ ಎಡಗೈಗೆ ಗೊತ್ತಾಗುತ್ತದೆ. ಎಂಜಿನ್ ಬಿಸಿಯಾಗಿ ಫ್ಯಾನ್ ತಿರುಗಲು ಶುರುವಾದರೆ ಬಿಸಿಗಾಳಿ ನೇರ ತೊಡೆ, ಮೊಣಕಾಲಿಗೆ. ಏಪ್ರಿಲ್ ತಿಂಗಳ ನಮ್ಮ ಸೆಕೆಯಲ್ಲಿ ನಾಲ್ಕು ಸಿಲಿಂಡರಿನ ಬೈಕ್ ಮೇಲೆ ಪ್ಯಾಂಟು ಹಾಕಿ ನಿಲ್ಲುವುದು ಅಂದರೆ ಒಲೆ ಮುಂದೆ ಕೂತ ಹಾಗೆ. ಆಮೇಲೆ ಒಂದು ಇಕ್ಕಟ್ಟಾದ ಜಾಗದಲ್ಲಿ ಯು-ಟರ್ನ್ ಮಾಡಿಸುತ್ತೇನೆ. ಸ್ಪೋರ್ಟ್ಸ್ ಬೈಕಿನ ಹ್ಯಾಂಡಲ್ ಜಾಸ್ತಿ ತಿರುಗುವುದಿಲ್ಲ. ಪೂರ್ತಿ ತಿರುಗಿಸಿದರೆ ಕೆಲವು ಬೈಕುಗಳಲ್ಲಿ ಹೆಬ್ಬೆರಳು ಟ್ಯಾಂಕಿಗೂ ಹ್ಯಾಂಡಲಿಗೂ ನಡುವೆ ಸಿಕ್ಕಿಬೀಳುತ್ತದೆ. ದಪ್ಪ ಗ್ಲೌಸ್ ಇದ್ದರಂತೂ ಕೇಳುವುದೇ ಬೇಡ.

ಅಲ್ಲಿಂದ ವಿದ್ಯಾನಗರ, ಚೆರ್ಕಳ. ಚೆರ್ಕಳದಲ್ಲಿ ಬದಿಯಡ್ಕ ರಸ್ತೆಗೆ ತಿರುಗಿ ಎಡನೀರು ದಾಟಿದರೆ ಬೇಕಾದ ಹಾಗೆ ತಿರುವು, ಏರು, ಇಳಿಜಾರು. ತಿರುವಿನಲ್ಲಿ ಈ ಬೈಕುಗಳು ಸುಖ ಕೊಡುತ್ತವೆ, ಅದರಲ್ಲಿ ಎರಡು ಮಾತಿಲ್ಲ. ಬಗ್ಗಿ ಕೂರಿಸಿದ್ದು ಯಾಕೆ ಅಂತ ಅಲ್ಲಿ ಅರ್ಥ ಆಗುತ್ತದೆ. ನಾನು ನೋಡುವುದು ಇಳಿಜಾರಿನ ಬ್ರೇಕಿನಲ್ಲಿ. ಟ್ಯಾಂಕನ್ನು ಎರಡೂ ಮಂಡಿಯಲ್ಲಿ ಅವುಚಿ ಹಿಡಿದು, ಮೊಣಕೈ ಸಡಿಲ ಬಿಟ್ಟರೆ ಭಾರ ಕಾಲಿಗೆ ಹೋಗುತ್ತದೆ. ಕೈ ನೆಟ್ಟಗೆ ಮಾಡಿ ಹ್ಯಾಂಡಲನ್ನು ತಳ್ಳಿಕೊಂಡು ಕೂತರೆ ಯಾವ ಬೈಕೂ ಆರಾಮ ಅನಿಸುವುದಿಲ್ಲ. ಅಲ್ಲಿ ತಪ್ಪು ಬೈಕಿನದಲ್ಲ. ಇಷ್ಟು ಹೇಳಿಕೊಟ್ಟರೆ ಅರ್ಧ ಜನರ ದೂರು ಅಲ್ಲೇ ಮುಗಿಯುತ್ತದೆ.

ಬದಿಯಡ್ಕದಲ್ಲಿ ಚಾ ಕುಡಿಯಲು ನಿಲ್ಲಿಸುತ್ತೇನೆ. ಇದು ಉಪಚಾರ ಅಂತ ಗಿರಾಕಿಗಳ ನಂಬಿಕೆ. ನಿಜವಾದ ಪರೀಕ್ಷೆ ಇಲ್ಲೇ. ಹೆಲ್ಮೆಟ್ಟಿನ ಪಟ್ಟಿ ಬಿಚ್ಚುವಾಗ ಬೆರಳು ತಡಕಾಡುತ್ತದಾ ನೋಡುತ್ತೇನೆ. ಕಿರುಬೆರಳು, ಉಂಗುರದ ಬೆರಳು ಮಾತ್ರ ಜೋಮು ಹಿಡಿದಿದ್ದರೆ ಅಂಗೈಯ ಹೊರ ಅಂಚಿನ ನರದ ಮೇಲೆ ಭಾರ ಬಿದ್ದಿದೆ ಅಂತ. ಅದು ಕೂರುವ ಭಂಗಿಯ ಸಮಸ್ಯೆ. ಐದೂ ಬೆರಳು ಝುಮ್ ಅನ್ನುತ್ತಿದ್ದರೆ ವೈಬ್ರೇಷನ್. ಒಂದೇ ಸಿಲಿಂಡರಿನ ಕೆಟಿಎಂ ಆರ್‌ಸಿ 390ಯಲ್ಲಿ ಆ ನಡುಕ ಒರಟಾಗಿ ಗೊತ್ತಾಗುತ್ತದೆ. ನಾಲ್ಕು ಸಿಲಿಂಡರಿನದರಲ್ಲಿ ಸಣ್ಣಗೆ ಗುಂಯ್ ಅನ್ನುತ್ತಾ ಇರುತ್ತದೆ, ಓಡಿಸುವಾಗ ಗಮನಕ್ಕೆ ಬರುವುದಿಲ್ಲ, ಇಳಿದ ಮೇಲೆ ಗೊತ್ತಾಗುತ್ತದೆ. ಚಾದ ದುಡ್ಡು ಕೊಡಲು ಚಿಲ್ಲರೆ ಹೆಕ್ಕುವಾಗ ಎಲ್ಲ ಬಯಲು.

ಈಗ ನನ್ನ ಹಾಳೆಯಲ್ಲಿ 'ಕಂಫರ್ಟ್' ಸಾಲು ಇಲ್ಲ. ಓಡಿಸಿದವರ ಎತ್ತರ, ತೂಕ, ಮೊದಲು ನೋವು ಕಂಡದ್ದು ಎಲ್ಲಿ, ಯಾವ ಊರು ಮುಟ್ಟುವಾಗ, ಇಷ್ಟು ಬರೆಯುತ್ತೇನೆ. 'ಬಲ ಅಂಗೈ, ಎಡನೀರು' ಅಂತ ಬರೆದಿದ್ದರೆ ಮುಂದಿನ ಗಿರಾಕಿಗೆ ಯಾವ ಬ್ರೋಷರೂ ಹೇಳದ ಸಂಗತಿ ಸಿಗುತ್ತದೆ. ನನ್ನ ಧಣಿಗೆ ಇದು ಅಷ್ಟು ಇಷ್ಟ ಇಲ್ಲ. ಆದರೂ ವಾಪಸ್ ಬರುವ ಬೈಕು ಕಮ್ಮಿ ಆದ ಮೇಲೆ ಏನೂ ಹೇಳುತ್ತಿಲ್ಲ.

ಹಳೆಯ ಬೈಕಿನ ವಿಷಯದಲ್ಲಿ ಒಂದು ಎಚ್ಚರಿಕೆ. ಹೊರಡುವ ಮೊದಲು, ಟೈರ್ ತಣ್ಣಗಿರುವಾಗಲೇ ಗಾಳಿ ನೋಡಬೇಕು. ಸುಜುಕಿಯ ದೊಡ್ಡ ಬೈಕ್ ಹಯಾಬುಸಾಕ್ಕೆ ಮುಂದೆ ಹಿಂದೆ ಎರಡಕ್ಕೂ 42 ಪಿಎಸ್‌ಐ ಬೇಕು. ಪೆಟ್ರೋಲ್ ಬಂಕಿನ ಹುಡುಗ ಸ್ಕೂಟರಿನ ಲೆಕ್ಕದಲ್ಲಿ 30 ಹಾಕಿ ಕಳಿಸಿರುತ್ತಾನೆ. ಆಗ ಹೊಂಡದಲ್ಲಿ ಮೆತ್ತಗೆ ಹೋಗುತ್ತದೆ, 'ಎಷ್ಟು ಆರಾಮ' ಅನಿಸುತ್ತದೆ, ತಿರುವಿನಲ್ಲಿ ಹ್ಯಾಂಡಲ್ ಮಾತ್ರ ಭಾರ. ಸಸ್ಪೆನ್ಷನ್ ಕೂಡ ಹಾಗೆಯೇ. ಹಿಂದಿನ ಮಾಲೀಕ ಬಿಗಿ ಮಾಡಿಟ್ಟದ್ದು ಹಾಗೇ ಇರುತ್ತದೆ. ಸವಾರ ಕೂತಾಗ ಬೈಕ್ 30-40 ಮಿ.ಮೀ.ಯಷ್ಟು ಇಳಿಯಬೇಕು. ಇಳಿಯುವುದೇ ಇಲ್ಲ ಅಂದರೆ ಸ್ಪ್ರಿಂಗ್ ಅವರಿಗೆ ಗಟ್ಟಿ ಆಯಿತು. ಪ್ರಿಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟ ಬಿಗಿ, ಸ್ವಲ್ಪ ಸಡಿಲಿಸಿ ಇನ್ನೊಮ್ಮೆ ಓಡಿಸಿ ನೋಡಬೇಕು. ಇದನ್ನು ಮಾಡದೆ ಬೈಕನ್ನು ಬೈಯುವುದು ಅನ್ಯಾಯ.

ಹಿಂದೆ ಕೂರುವವರನ್ನೂ ಕರೆದುಕೊಂಡು ಬನ್ನಿ ಅಂತ ಫೋನಿನಲ್ಲೇ ಹೇಳುತ್ತೇನೆ. ಬೇಕಲದ ಕಡೆ ಒಂದು ಸುತ್ತು ಸಾಕು. ಚಂದ್ರಗಿರಿ ಸೇತುವೆ ದಾಟಿ ಉದುಮ ಮುಟ್ಟುವಷ್ಟರಲ್ಲಿ ಅವರ ತೀರ್ಪು ಬಂದಿರುತ್ತದೆ. ಅಂಗೈ ಅಗಲದ ಸೀಟು, ಎತ್ತರದ ಫುಟ್‌ರೆಸ್ಟು, ಹಿಡಿಯಲು ಏನೂ ಇಲ್ಲ. ಬ್ರೇಕ್ ಹಾಕಿದಾಗಲೆಲ್ಲ ಮುಂದಿನವರ ಬೆನ್ನ ಮೇಲೆ. ಉಪ್ಪಳದ ಹೆಂಗಸೊಬ್ಬರು ಇಳಿದವರೇ ಗಂಡನಿಗೆ ಹೇಳಿದರು: "ಇದು ನಿಮಗೆ ತಕ್ಕೊಳ್ಳಿ. ನಾನು ಕೆಎಸ್ಆರ್‌ಟಿಸಿ ಬಸ್ಸಿನಲ್ಲಿ ನಿಂತುಕೊಂಡಾದ್ರೂ ಬರ್ತೇನೆ." ಅವರು ಕೊನೆಗೆ ನಿಂಜಾ 650 ತೆಗೆದುಕೊಂಡರು.

ಮುಳ್ಳೇರಿಯ ಕಡೆಯ ಅಡಿಕೆ ಕೃಷಿಕರೊಬ್ಬರು ಹಯಾಬುಸಾ ನೋಡಲು ಬಂದಿದ್ದರು. ಐವತ್ತು ದಾಟಿದ ವಯಸ್ಸು. ನಾನು 1340 ಸಿಸಿ, 190 ಪಿಎಸ್ ಪವರ್ ಅಂತ ಶುರು ಮಾಡಿದೆ. "ಅದೆಲ್ಲ ಇರ್ಲಿ ಮಾರಾಯ, ನನ್ನ ಸೊಂಟ ಉಳೀತದಾ ಹೇಳು" ಅಂದರು. ಅಷ್ಟು ಸರಿಯಾದ ಪ್ರಶ್ನೆ ಕೇಳುವವರು ಅಪರೂಪ. 2021ರ ನಂತರದ ಹಯಾಬುಸಾದಲ್ಲಿ ಎ, ಬಿ, ಸಿ ಅಂತ ರೈಡ್ ಮೋಡ್‌ಗಳಿವೆ. ಸಿ ಅಂದರೆ ಕಂಫರ್ಟ್. ಅದನ್ನು ಒತ್ತಿದರೆ ಸಸ್ಪೆನ್ಷನ್ ಮೆತ್ತಗಾಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಇಲ್ಲ, ಎಂಜಿನ್ ಸ್ವಲ್ಪ ಸೌಮ್ಯ ಆಗುತ್ತದೆ ಅಷ್ಟೇ. ಸೊಂಟಕ್ಕೂ ಅದಕ್ಕೂ ಸಂಬಂಧ ಇಲ್ಲ.

ಸವಾರಿಯಲ್ಲಿ ಅವರಿಗೆ ತೊಂದರೆ ಆಗಲಿಲ್ಲ. ಸೀಟಿನ ಎತ್ತರ 800 ಮಿ.ಮೀ., ಕಾಲು ನೆಲಕ್ಕೆ ಎಟಕುತ್ತಿತ್ತು. ಬದಿಯಡ್ಕದಲ್ಲಿ ನಗುತ್ತಾ ಚಾ ಕುಡಿದರು. ವಾಪಸ್ ಬಂದ ಮೇಲೆ ನಾನು ಎಂಜಿನ್ ಆಫ್ ಮಾಡಿಸಿ, "ಅಣ್ಣ, ಇದನ್ನು ಒಮ್ಮೆ ಹಿಂದಕ್ಕೆ ತಳ್ಳಿ ಅಂಗಡಿಯ ಏರು ಹತ್ತಿಸಿ" ಅಂದೆ. 266 ಕೆ.ಜಿ. ತೂಕ. ಅರ್ಧ ಹತ್ತಿಸಿ ನಿಂತರು, ಬೆವರು ಒರೆಸಿಕೊಂಡರು. ಮನೆಯ ಅಂಗಳ ಇಳಿಜಾರು, ಮಣ್ಣು, ಮಳೆಗಾಲದಲ್ಲಿ ಪಾಚಿ ಅಂತ ಆಮೇಲೆ ಗೊತ್ತಾಯಿತು. ದಿನಾ ಬೆಳಗ್ಗೆ ಇದನ್ನು ಶೆಡ್ಡಿನಿಂದ ಹೊರಗೆ ತರುವುದೂ ಆರಾಮದ ಲೆಕ್ಕಕ್ಕೇ ಸೇರಬೇಕಲ್ಲ. "ನೋಡುವ" ಅಂತ ಹೇಳಿ ಹೋದರು.

ವ್ಯಾಪಾರ ಹೋಯಿತು ಅಂತ ಧಣಿ ಮುಖ ಊದಿಸಿಕೊಂಡಿದ್ದರು. ಆ ಮಳೆಗಾಲ ಕಳೆದ ಮೇಲೆ ಕೃಷಿಕರು ಮತ್ತೆ ಬಂದರು. ಅಂಗಳವನ್ನು ಸಮ ಮಾಡಿಸಿ, ಗೇಟಿನವರೆಗೆ ಕಾಂಕ್ರೀಟು ಹಾಕಿಸಿದ್ದರು. ಬೈಕಿಗಿಂತ ಮೊದಲು ಫೋನಿನಲ್ಲಿ ಅದರ ಫೋಟೋ ತೋರಿಸಿದರು. ಹಯಾಬುಸಾ ಈಗ ಅವರಲ್ಲೇ ಇದೆ, ಹೆಚ್ಚಾಗಿ ಭಾನುವಾರ ಹೊರಗೆ ಬರುತ್ತದೆ. ಪೇಟೆಗೆ ಸಾಮಾನು ತರಲು ಬರುವುದು ಹಳೆಯ ಸ್ಕೂಟರಿನಲ್ಲೇ.